ಬೆಲ್ಲಕ್ಕೆ ಮೊದಲು ಒಂದು ಕಾಳು

ಗೋಧಿ ಹುಗ್ಗಿ ಮಾಡುವುದೇನು ದೊಡ್ಡ ವಿದ್ಯೆ ಎಂದು ಕೇಳುವವರು ಯಾರೂ ಸಾವಿರ ಮಂದಿಗೆ ಹುಗ್ಗಿ ಮಾಡಿದವರಲ್ಲ. ಮನೆಯ ಪಾತ್ರೆಯಲ್ಲಿ ಯಾರು ಬೇಕಾದರೂ ಮಾಡಬಹುದು, ನನ್ನ ಹೆಂಡತಿಯೂ ಮಾಡುತ್ತಾಳೆ. ಕೊಪ್ಪರಿಗೆಯ ಹುಗ್ಗಿಯ ಮಾತೇ ಬೇರೆ. ಅಲ್ಲಿ ಕಷ್ಟವಿರುವುದು ಬೆಲ್ಲ ಹಾಕುವ ಹೊತ್ತನ್ನು ತಿಳಿಯುವುದರಲ್ಲಿ. ಕುಟ್ಟಿ ಸಿಪ್ಪೆ ತೆಗೆದ ಜವೆ ಗೋಧಿ ನೀರಿನಲ್ಲಿ ಕುದ್ದು ಕುದ್ದು ಒಳಗಿನಿಂದ ಅರಳಬೇಕು. ಅರಳುವ ಮೊದಲೇ ಬೆಲ್ಲ ಬಿತ್ತೆಂದರೆ ಮುಗಿಯಿತು, ಆಮೇಲೆ ಎಷ್ಟು ಕಟ್ಟಿಗೆ ಸುಟ್ಟರೂ ಕಾಳು ಬೇಯುವುದಿಲ್ಲ. ಉಂಡವರು ಮೂರು ದಿನ ಹಲ್ಲು ಹಿಡಿದುಕೊಂಡು ಅಡುಗೆಯವರಿಗೆ ಶಾಪ ಹಾಕುತ್ತಾರೆ. ಅದಕ್ಕೇ ಬೆಲ್ಲ ಸುರಿಯುವ ಮೊದಲು ಒಂದು ಕಾಳು ತೆಗೆದು, ಊದಿ ಆರಿಸಿ, ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಇಡೀ ಪಂಕ್ತಿಯ ಮಾನ ಆ ಒಂದು ಕಾಳಿನ ಮೇಲೆ ನಿಂತಿರುತ್ತದೆ.

ಕುಷ್ಟಗಿಯ ಸುತ್ತ ಇಪ್ಪತ್ತು ಹಳ್ಳಿಗಳಲ್ಲಿ ಆ ಕಾಳನ್ನು ಕಚ್ಚುವ ಅಧಿಕಾರ ನಮ್ಮ ಓಣಿಯ ಶೇಖರಮ್ಮನವರದು. ಕುಳ್ಳಗೆ, ಕರ್ರಗೆ, ಹಣೆಯ ತುಂಬ ವಿಭೂತಿ. ತಮಗಿಂತ ಎತ್ತರದ ಕಟ್ಟಿಗೆಯ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಪ್ಪರಿಗೆ ತಿರುವುತ್ತ ನಿಂತರೆ ಮದುವೆ ಮನೆಯ ಯಜಮಾನನೂ ಹತ್ತಿರ ಬರಲು ಹೆದರುತ್ತಿದ್ದ. ಅವರ ಗಂಡ ದೊಡ್ಡಬಸಪ್ಪನವರ ಕೆಲಸ ಒಲೆ ತೋಡುವುದು, ಉರಿ ಹಾಕುವುದು. ಇಡೀ ದಿನದಲ್ಲಿ ನಾಲ್ಕು ಮಾತು ಆಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಮಾತಿನ ಲೆಕ್ಕವನ್ನು ಹೆಂಡತಿಗೆ ಒಪ್ಪಿಸಿ ತಾವು ಬೆಂಕಿಯ ಮುಂದೆ ನೆಮ್ಮದಿಯಾಗಿದ್ದರು. ಶೇಖರಮ್ಮನವರು ಬೈಯದೆ ಒಂದು ಮದುವೆಯೂ ಆಗಿಲ್ಲ, ಅವರು ಬೈದ ಮದುವೆಯಲ್ಲಿ ಹುಗ್ಗಿ ಕೆಟ್ಟದ್ದೂ ಇಲ್ಲ.

ಇವರ ಬಗ್ಗೆ ಬರೆಯಲು ನನಗೇನು ಹಕ್ಕು ಎಂದು ನೀವು ಕೇಳಬಹುದು. ಹಕ್ಕಿಲ್ಲ, ಋಣವಿದೆ. ನಾನು ಸಿದ್ದೇಶ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮರುವರ್ಷ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಂದಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟವನು. ಹಳ್ಳಿಯಿಂದ ಬಂದವರು ನನ್ನನ್ನು ‘ಡಾಕ್ಟರೇ’ ಎಂದು ಕರೆಯುತ್ತಿದ್ದರು. ಮೊದಲ ಒಂದು ವರ್ಷ ನಾನು ಅಲ್ಲವೆಂದೆ. ಆಮೇಲೆ ಆ ಹೆಸರು ಕಿವಿಗೆ ಹಿತವಾಗತೊಡಗಿತು, ಸುಮ್ಮನಾದೆ.

ನಮ್ಮ ಕಡೆ ಹೊಟ್ಟೆಯ ಎಲ್ಲ ತಕರಾರಿಗೂ ಒಂದೇ ಹೆಸರು, ಗ್ಯಾಸು. ಎದೆ ಉರಿದರೆ ಗ್ಯಾಸು, ಬೆನ್ನು ಹಿಡಿದರೆ ಗ್ಯಾಸು, ಸೊಸೆಯ ಮೇಲೆ ಸಿಟ್ಟು ಬಂದು ತಲೆ ತಿರುಗಿದರೂ ಗ್ಯಾಸು. ಅದಕ್ಕೆ ಮದ್ದೂ ಒಂದೇ, ಗ್ಯಾಸಿನ ಗುಳಿಗೆ. ಹೊಟ್ಟೆಯಲ್ಲಿ ಹುಳಿ ಊರುವುದನ್ನು ತಡೆಯುವ ಗುಳಿಗೆ ಅದು. ನಾನು ಅಂಗಡಿ ಇಟ್ಟ ಹೊಸದರಲ್ಲಿ ಅದನ್ನು ಡಾಕ್ಟರರ ಚೀಟಿ ನೋಡಿ ಕೊಡುತ್ತಿದ್ದೆ. ಹತ್ತು ವರ್ಷ ಕಳೆಯುವ ಹೊತ್ತಿಗೆ ಜನ ಬಾಯಿ ತೆರೆಯುವ ಮೊದಲೇ ನನ್ನ ಕೈ ಆ ಡಬ್ಬಿಗೆ ಹೋಗುತ್ತಿತ್ತು.

2009ರ ಮದುವೆ ಸುಗ್ಗಿಯಲ್ಲಿ ಶೇಖರಮ್ಮನವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಉಂಡದ್ದು ಮೇಲಕ್ಕೆ ಬರುತ್ತದೆ, ಹೊಟ್ಟೆ ನಗಾರಿಯಂತೆ ಉಬ್ಬುತ್ತದೆ ಎಂದರು. ನಾನು ಒಂದು ಪ್ರಶ್ನೆ ಕೇಳಿದೆನೇ? ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣದೆ ಕೊಪ್ಪರಿಗೆಯ ಮುಂದೆ ನಿಲ್ಲುತ್ತೀರಿ, ಗ್ಯಾಸಾಗಿದೆ ಎಂದು ಒಂದು ಪಟ್ಟಿ ಗುಳಿಗೆ ಹರಿದು ಕೊಟ್ಟೆ. ಅದು ಕೆಲಸ ಮಾಡಿತು. ಕೆಡುಕಾದದ್ದೇ ಅಲ್ಲಿ. ಎದೆಯುರಿ ಅಡಗಿತು, ಅವರು ನನ್ನ ಕೈಗುಣ ಹೊಗಳಿ ಓಣಿಯ ತುಂಬ ಹೇಳಿಕೊಂಡು ಬಂದರು, ನಾನು ಉಬ್ಬಿದೆ.

ಅಂದಿನಿಂದ ಆರು ವರ್ಷ ದಿನಕ್ಕೊಂದು ಗುಳಿಗೆ. ನಡುವೆ ಅವರಿಗೆ ಸುಸ್ತು ಶುರುವಾಯಿತು, ಕೆಂಪು ಟಾನಿಕ್ ಕೊಟ್ಟೆ. ಭೇದಿ ಬಿಟ್ಟು ಬಿಟ್ಟು ಬಂತು, ಅದಕ್ಕೆ ಬೇರೆ ಗುಳಿಗೆ ಕೊಟ್ಟೆ. ಬಾಯಿಯಲ್ಲಿ ಹುಣ್ಣಾಯಿತು, ಅದಕ್ಕೊಂದು ಮುಲಾಮು. ಕೈಬಳೆ ಸರಿದು ಮೊಳಕೈಗೆ ಬಂದಾಗ ಬಳೆಗಾರನು ಸಣ್ಣ ಅಳತೆಯದ್ದು ಕೊಟ್ಟ. ಅವನ ವ್ಯಾಪಾರಕ್ಕೂ ನನ್ನ ವ್ಯಾಪಾರಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಈ ನಾಲ್ಕೂ ಒಂದೇ ಗಿಡದ ಟೊಂಗೆಗಳಿರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

2015ರ ಮಾರ್ಚಿನಲ್ಲಿ ಒಂದು ಮನೆಯೊಕ್ಕಲಿನ ಅಡುಗೆಯಲ್ಲಿ ಶೇಖರಮ್ಮನವರ ಕೈಯಿಂದ ಹುಟ್ಟು ಜಾರಿತು. ಹಿಂದಿನಿಂದ ದೊಡ್ಡಬಸಪ್ಪ ಹಿಡಿದುಕೊಳ್ಳದಿದ್ದರೆ ಅವರು ಒಲೆಗೇ ಬೀಳುತ್ತಿದ್ದರು. ಮರುದಿನ ಹುಬ್ಬಳ್ಳಿಯ ದವಾಖಾನೆಗೆ ಹೊರಟರು. ‘ಡಾಕ್ಟರು’ ಜೊತೆಗಿರಲಿ ಎಂದು ನನ್ನನ್ನೂ ಕರೆದೊಯ್ದರು.

ಅಲ್ಲಿ ನಿಜವಾದ ಡಾಕ್ಟರಮ್ಮ ಇದ್ದರು. ಉತ್ತರದ ಕಡೆ, ಮೂರು ಹೊತ್ತು ಗೋಧಿ ತಿನ್ನುವ ನಾಡಿನಲ್ಲಿ ಓದಿ ಬಂದವರು. ರಕ್ತ ಆರಕ್ಕೆ ಇಳಿದದ್ದನ್ನು ನೋಡಿ, ಶೇಖರಮ್ಮನವರು ತಂದಿದ್ದ ಗುಳಿಗೆಯ ಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ಇಷ್ಟೆಲ್ಲ ಬರೆದುಕೊಟ್ಟವರು ಯಾರು ಎಂದು ಕೇಳಿದರು. ಶೇಖರಮ್ಮನವರು ಅಭಿಮಾನದಿಂದ ನನ್ನ ಕಡೆ ಕೈ ಮಾಡಿದರು.

“ಇವರರಿ, ನಮ್ಮೂರ ಡಾಕ್ಟರು.”

ನೆಲ ಬಾಯಿ ಬಿಟ್ಟಿದ್ದರೆ ಆಗಲೇ ಒಳಗೆ ಹೋಗಿಬಿಡುತ್ತಿದ್ದೆ.

ರಕ್ತದ ಇನ್ನೊಂದು ಪರೀಕ್ಷೆಯಾಯಿತು, ಬಾಯಿಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದ್ದಾಯಿತು. ರೋಗದ ಹೆಸರು ಸೀಲಿಯಾಕ್. ಗೋಧಿ ಹಿಟ್ಟನ್ನು ನಾದಿದಾಗ ಎಳೆದರೆ ಹಿಗ್ಗುವ ಅಂಟಿದೆಯಲ್ಲ, ಅದು ಕೆಲವರ ಮೈಗೆ ಆಗುವುದಿಲ್ಲ. ಅದನ್ನು ತಿಂದಾಗಲೆಲ್ಲ ಮೈ ತನ್ನ ಕರುಳಿನ ಮೇಲೆ ತಾನೇ ಏರಿಹೋಗುತ್ತದೆ. ಕರುಳಿನ ಒಳಗಿನ ಮಖಮಲ್ಲಿನಂಥ ಪದರು ಸವೆದು ನುಣ್ಣಗಾಗುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ನಮ್ಮ ಸೀಮೆಯಲ್ಲಿ ಅಪರೂಪ, ಇಲ್ಲವೇ ಇಲ್ಲ ಎಂದೇನಲ್ಲ. ಇದಕ್ಕೆ ಗುಳಿಗೆ ಇಲ್ಲ, ಚುಚ್ಚುಮದ್ದಿಲ್ಲ. ಗೋಧಿಯನ್ನು ಜನ್ಮಪೂರ್ತಿ ಬಿಡಬೇಕು. ಚಪಾತಿ, ಶಾವಿಗೆ, ರವೆ, ಬಿಸ್ಕತ್ತು, ಹೋಳಿಗೆ, ಎಲ್ಲ. ಒಂದು ಚಿಟಿಕೆಯೂ ಬೇಡ.

“ಹುಗ್ಗಿ?” ಎಂದರು ಶೇಖರಮ್ಮನವರು.

ಡಾಕ್ಟರಮ್ಮ ತಲೆಯಾಡಿಸಿದರು. ಅದೂ ಬೇಡ, ಒಂದು ಕಾಳೂ ಬೇಡ ಎಂದರು. ಮೂವತ್ತು ವರ್ಷ ಒಂದು ಕಾಳು ಕಚ್ಚಿ ಬದುಕಿದ ಹೆಂಗಸಿಗೆ ಆ ಮಾತು ಎಲ್ಲಿ ಹೋಗಿ ತಾಗಿತೆಂದು ನನಗೆ ಕಂಡಿತು. ಅವರು ಅಳಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಜೋಳ ಉಣ್ಣಬಹುದೇ ಎಂದು ಕೇಳಿದರು. ಧಾರಾಳವಾಗಿ, ಅಕ್ಕಿ, ಸಜ್ಜೆ, ನವಣೆ ಎಲ್ಲ ಉಣ್ಣಬಹುದು ಎಂಬ ಉತ್ತರ ಬಂತು.

ಹೊರಬರುವಾಗ ನಾನು ಹಿಂದೆ ಉಳಿದು, ನನ್ನ ಗುಳಿಗೆಯಿಂದಲೇ ಹೀಗಾಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ತಾಳ್ಮೆಯಿಂದ ಹೇಳಿದರು. ಹೊಟ್ಟೆಯ ಹುಳಿ ಸುಮ್ಮನೆ ಇರುವುದಲ್ಲ, ಗೋಧಿಯ ಆ ಅಂಟನ್ನು ಚೂರು ಮಾಡುವ ಮೊದಲ ಕೆಲಸ ಅದರದು. ಹುಳಿಯನ್ನು ವರ್ಷಗಟ್ಟಲೆ ತಡೆದರೆ ದೊಡ್ಡ ಚೂರುಗಳು ಹಾಗೇ ಕರುಳಿಗೆ ಇಳಿಯಬಹುದು, ಮೈಯನ್ನು ಕೆಣಕಬಹುದು. ಬೇರೆ ದೇಶದಲ್ಲಿ ಸಾವಿರಾರು ಜನರನ್ನು ಹೋಲಿಸಿ ನೋಡಿದಾಗ, ಈ ರೋಗ ಪತ್ತೆಯಾದವರಲ್ಲಿ ಮೊದಲು ಇಂಥ ಗುಳಿಗೆ ನುಂಗಿದವರು ಹೆಚ್ಚಿಗೆ ಕಂಡಿದ್ದಾರೆ. ಆದರೆ ಗುಳಿಗೆ ರೋಗ ತಂದಿತೋ, ಒಳಗೆ ಮೊದಲೇ ಇದ್ದ ರೋಗದ ನೋವಿಗೆ ಜನ ಗುಳಿಗೆ ನುಂಗುತ್ತಿದ್ದರೋ, ಅದನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಬೇಕಾದವರಿಗೆ ಅದು ಒಳ್ಳೆಯ ಗುಳಿಗೆಯೇ. ಒಂದು ಮಾತು ಮಾತ್ರ ಖಚಿತ ಎಂದು ಅವರು ಪಟ್ಟಿಗಳನ್ನು ನನ್ನ ಕೈಗೆ ಹಾಕಿದರು. ನೀವು ಮೊದಲ ವರ್ಷವೇ ಇವರನ್ನು ಕಳಿಸಿದ್ದರೆ ಆರು ವರ್ಷ ಉಳಿಯುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಗದಗ ದಾಟುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ. ಡಾಕ್ಟರಮ್ಮ ಹೇಳಿದ್ದನ್ನು ಶೇಖರಮ್ಮನವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನವೇ ಅವರು ಮನೆಯಿಂದ ಗೋಧಿಯ ಚೀಲ ಹೊರಹಾಕಿದರು. ಹಿಡಿದಿದ್ದ ನಾಲ್ಕು ಮದುವೆಯ ಅಡುಗೆಯನ್ನು ಬೇರೆಯವರಿಗೆ ಬಿಟ್ಟರು. ಹುಟ್ಟನ್ನು ತೊಳೆದು ಅಟ್ಟಕ್ಕೆ ಹಾಕಿ, ಮೈ ಸರಿಹೋದ ಮೇಲೆ ನೋಡೋಣ ಎಂದರು. ಜೋಳದ ರೊಟ್ಟಿ, ಅನ್ನ, ಪುಂಡಿಪಲ್ಯ, ಬೇಳೆ. ಅವರಿಗಾಗಿ ಸೊಸೆ ಶಿವಲೀಲಾ ಬೇರೆ ಹಂಚು, ಬೇರೆ ಮಣೆ ಇಟ್ಟಳು. ಇಷ್ಟು ಶಿಸ್ತು ನಾನು ಆಸ್ಪತ್ರೆಯಲ್ಲೂ ನೋಡಿಲ್ಲ.

ಆದರೂ ಮೈ ಹಿಡಿಯಲಿಲ್ಲ. ಮೊದಲ ತಿಂಗಳು ಒಂದು ಕಿಲೋ ಏರಿತು, ಎರಡನೆಯ ತಿಂಗಳು ಅಲ್ಲೇ ನಿಂತಿತು, ನಾಲ್ಕನೆಯ ತಿಂಗಳಿಗೆ ಮತ್ತೆ ಇಳಿಯಿತು. ಭೇದಿ ನಿಲ್ಲಲಿಲ್ಲ. ಫೋನಿನಲ್ಲಿ ಡಾಕ್ಟರಮ್ಮ, ಅವರು ಎಲ್ಲೋ ಕದ್ದು ಗೋಧಿ ತಿನ್ನುತ್ತಿದ್ದಾರೆ ನೋಡಿ ಎಂದರು. ಹೀಗೇ ಮುಂದುವರಿದರೆ ಜೀವಕ್ಕೆ ಅಪಾಯ ಎಂದೂ ಹೇಳಿದರು.

ಕೆಟ್ಟ ಮಾತು ಓಣಿಯಲ್ಲಿ ಬೇಗ ಹಬ್ಬುತ್ತದೆ. ಹುಗ್ಗಿಯ ಚಪಲ ಬಿಡಬೇಕಲ್ಲ, ಪಾಪ, ಎಂದು ಮೂಗು ಮುರಿದವರಿದ್ದರು. ಶಿವಲೀಲಾ ಅಡುಗೆಮನೆಯ ಡಬ್ಬಿಗಳನ್ನು ಗುಟ್ಟಾಗಿ ಎಣಿಸತೊಡಗಿದಳು. ನಾನಂತೂ ಅವರ ಮುಂದೆಯೇ ಕುಳಿತು, ನಯವಾಗಿ, ಆಸೆಯಾದರೆ ತಪ್ಪಲ್ಲ, ಹೇಳಿಬಿಡಿ ಎಂದೆ. ಒಳಗೊಳಗೇ ಅವರು ಹೌದೆನ್ನಲಿ ಎಂದು ನಾನು ಬಯಸುತ್ತಿದ್ದೆ. ಅವರ ತಪ್ಪಾದರೆ ನನ್ನ ತಪ್ಪು ಅಷ್ಟು ಸಣ್ಣದಾಗುತ್ತದೆ ನೋಡಿ. ಶೇಖರಮ್ಮನವರು ನನ್ನ ಮುಖಕ್ಕೆ ಮಂಗಳಾರತಿ ಎತ್ತಿದರು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲವೂ ನನಗೆ ಸಲ್ಲತಕ್ಕವೇ ಆಗಿದ್ದವು.

ಯಾರೂ ನಂಬದಿದ್ದಾಗ ಅವರು ತಾವೇ ಹುಡುಕಲು ಹೊರಟರು. ನಾನು ಅವರನ್ನು ಮೆಚ್ಚುವುದು ಇದಕ್ಕೇ. ಅಡುಗೆಯವರ ಬುದ್ಧಿ ಅದು. ಹುಗ್ಗಿ ಕೆಟ್ಟರೆ ಅವರು ಹುಗ್ಗಿಯನ್ನು ಬೈಯುವುದಿಲ್ಲ, ನೀರು ಎಲ್ಲಿಯದು, ಬೆಲ್ಲ ಎಲ್ಲಿಯದು, ಗೋಧಿ ಯಾರ ಹೊಲದ್ದು ಎಂದು ಹಿಂದಕ್ಕೆ ನಡೆಯುತ್ತಾರೆ. ತಮ್ಮ ತಟ್ಟೆಯಿಂದ ಶುರು ಮಾಡಿದರು. ಉಪ್ಪು ಬಿಟ್ಟು ನೋಡಿದರು. ಒಗ್ಗರಣೆಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸುತ್ತಾರೆಂದು ಯಾರೋ ಹೇಳಿದ್ದನ್ನು ಕೇಳಿ ಇಂಗು ಬಿಟ್ಟರು. ಕೊನೆಗೆ ಉಳಿದದ್ದು ರೊಟ್ಟಿ. ಜೋಳ ತಮ್ಮದೇ ಹೊಲದ್ದು, ಕೈಯಿಂದ ಆರಿಸಿದ್ದು. ಹಾಗಾದರೆ ಹಿಟ್ಟು?

ಜುಲೈ ತಿಂಗಳ ಒಂದು ಮುಂಜಾನೆ ಸೊಸೆಯ ಕೈಯಿಂದ ಜೋಳದ ಡಬ್ಬಿ ಇಸಿದುಕೊಂಡು ರಾಜಾಸಾಬರ ಗಿರಣಿಗೆ ತಾವೇ ಹೋದರು. ಸಾಕ್ಷಿಗಿರಲಿ ಎಂದು ದಾರಿಯಲ್ಲಿ ಸಿಕ್ಕ ನನ್ನನ್ನೂ ಎಳೆದುಕೊಂಡು ಹೋದರು, ಆದ್ದರಿಂದ ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ.

ಹಿಟ್ಟಿನ ಗಿರಣಿಯ ರೀತಿ ನಿಮಗೆ ಗೊತ್ತಿರಬಹುದು. ಮನೆಯವರು ಇಟ್ಟುಹೋದ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಒಬ್ಬರದು ಮುಗಿಯುತ್ತಲೇ ಇನ್ನೊಬ್ಬರದು. ಕಲ್ಲಿನಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯಲ್ಲಿ ಹಿಂದಿನವರ ಹಿಟ್ಟು ಒಂದಿಷ್ಟು ಉಳಿದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಇವತ್ತು ಹೋದದ್ದು ನಾಳೆ ಬರುತ್ತದೆ ಎಂಬ ಲೆಕ್ಕ.

ರಾಜಾಸಾಬರು ಶೇಖರಮ್ಮನವರನ್ನು ನೋಡಿದ ಕೂಡಲೇ ಎದ್ದು ನಿಂತರು. ಮೈಯೆಲ್ಲ ಹಿಟ್ಟಾದ, ಹುಬ್ಬೂ ಬೆಳ್ಳಗಿದ್ದ ಮುದುಕರು. ಸಾಲಿನಲ್ಲಿದ್ದ ಉಳಿದ ಡಬ್ಬಿಗಳನ್ನು ಹಿಂದಕ್ಕೆ ಸರಿಸಿ ಇವರ ಡಬ್ಬಿಯನ್ನು ಮುಂದೆ ಇಟ್ಟರು. ಆಮೇಲೆ, ಅದನ್ನು ಬೀಸುವ ಮೊದಲು, ಮೂಲೆಯಲ್ಲಿದ್ದ ಚೀಲದಿಂದ ಎರಡು ಬೊಗಸೆ ಗೋಧಿ ತೆಗೆದು ಗಿರಣಿಯ ಬಾಯಿಗೆ ಸುರಿದರು.

ಅದೇನು ಎಂದು ಶೇಖರಮ್ಮನವರು ಕೇಳಿದರು. ರಾಜಾಸಾಬರು ನಕ್ಕರು.

“ನಿಮ್ಮ ಮೈ ಸರಿ ಇಲ್ಲಂತ ಕೇಳಿದ್ನಿ, ತಂಗೆವ್ವಾ. ಹಿಂದಿನವರದು ಖಾರ, ಕಡ್ಲಿ ಏನರ ಇರತೈತಿ. ಅದು ನಿಮ್ಮ ಹಿಟ್ಟಿಗೆ ಬರಬಾರದು ಅಂತ ನಿಮ್ಮ ಡಬ್ಬಿಗಿಂತ ಮೊದ್ಲ ನಮ್ಮನಿ ಗೋಧಿ ಹಾಕಿ ಕಲ್ಲು ತೊಳಿತೀನಿ. ನಾಕು ತಿಂಗಳಾತು, ಒಂದಿನಾನೂ ತಪ್ಪಿಸಿಲ್ಲ.”

ಆ ಮನುಷ್ಯ ಬೇರೆ ಯಾರಿಗೂ ಮಾಡದ ಉಪಕಾರವನ್ನು ಇವರಿಗೆ ಮಾಡುತ್ತಿದ್ದ. ತನ್ನ ಮನೆಯ ಗೋಧಿ ಸುರಿದು, ದುಡ್ಡು ತೆಗೆದುಕೊಳ್ಳದೆ, ಬಾಯಿ ಬಿಟ್ಟು ಹೇಳಿಕೊಳ್ಳದೆ. ಕಲ್ಲಿನಲ್ಲಿ ಉಳಿದ ಆ ಗೋಧಿ ಹಿಟ್ಟೇ ನಾಲ್ಕು ತಿಂಗಳಿಂದ ಅವರ ರೊಟ್ಟಿಯಲ್ಲಿ ಕುಳಿತಿತ್ತು.

ಈಗ ಬೈಗುಳದ ಮಳೆ ಸುರಿಯುತ್ತದೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಶೇಖರಮ್ಮನವರು ಬೈಯಲಿಲ್ಲ. ಗಿರಣಿಯ ಗುಂಡಿ ಬಂದ್ ಮಾಡಿಸಿ, ರಾಜಾಸಾಬರನ್ನು ಕೂರಿಸಿ, ತಮ್ಮ ರೋಗ ಏನು, ಗೋಧಿ ತಮಗೆ ಏನು ಮಾಡುತ್ತದೆ ಎಂದು ಮಗುವಿಗೆ ಹೇಳಿದಂತೆ ಬಿಡಿಸಿ ಹೇಳಿದರು. ಮುದುಕರು ತಲೆಯ ಮೇಲಿನ ಟೋಪಿ ತೆಗೆದು ಮುಖ ಒರೆಸಿಕೊಂಡರು. ಶೇಖರಮ್ಮನವರು ಅವರ ಕೈ ಹಿಡಿದುಕೊಂಡು, ಕಲ್ಲು ತೊಳೆಯುವಷ್ಟು ಕಾಳಜಿ ತಮ್ಮ ತವರಿನವರೂ ಮಾಡಿಲ್ಲ, ಗೊತ್ತಿಲ್ಲದ್ದು ತಪ್ಪಲ್ಲ ಎಂದರು. ಜೋಳದ ಡಬ್ಬಿಯನ್ನು ಬೀಸಿಸದೆ ಹಾಗೇ ಹೊತ್ತುಕೊಂಡು ಮನೆಗೆ ಬಂದರು.

ಅವರ ಹಿತ್ತಲಲ್ಲಿ ಅತ್ತೆಯ ಕಾಲದ ಬೀಸುವ ಕಲ್ಲು ಬಟ್ಟೆ ಒಗೆಯುವಲ್ಲಿ ಮೆಟ್ಟಿಲಾಗಿ ಬಿದ್ದಿತ್ತು. ದೊಡ್ಡಬಸಪ್ಪ ಅದನ್ನು ಎಬ್ಬಿಸಿ ತೊಳೆದು ಒಳಗೆ ತಂದರು. ಸವೆದು ಹೋಗಿದ್ದ ಕಲ್ಲಿಗೆ ಉಳಿ ಹೊಡೆದು ಹಲ್ಲು ಮೂಡಿಸಬೇಕಿತ್ತು. ಕರೆಯದಿದ್ದರೂ ಸಂಜೆ ಹೊತ್ತಿಗೆ ರಾಜಾಸಾಬರು ಉಳಿ ಸುತ್ತಿಗೆ ಹಿಡಿದು ಬಂದು ಅಂಗಳದಲ್ಲಿ ಕುಳಿತರು. ಬರುವ ಮೊದಲು ಸ್ನಾನ ಮಾಡಿ ಬಟ್ಟೆ ಬದಲಿಸಿ ಬಂದಿದ್ದರು, ಮೈಮೇಲಿನ ಗಿರಣಿಯ ಹಿಟ್ಟು ಈ ಕಲ್ಲಿಗೆ ತಾಗಬಾರದೆಂದು. ಅದನ್ನು ನೋಡಿ ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಂದಿನಿಂದ ಐವತ್ತಾರರ ಆ ಹೆಂಗಸು, ರಕ್ತ ಇಲ್ಲದ ಮೈಯಲ್ಲಿ, ತಮ್ಮ ದಿನದ ಹಿಟ್ಟನ್ನು ತಾವೇ ಬೀಸಿಕೊಂಡರು. ಮೊದಲ ವಾರ ಒಂದು ಪಾವು ಬೀಸಲು ಮೂರು ಸಲ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ಶಿವಲೀಲಾ ಎದುರು ಕುಳಿತು ಗೂಟ ಹಿಡಿದಳು. ಅತ್ತೆಯನ್ನು ಅನುಮಾನಿಸಿದ್ದಕ್ಕೆ ಅವಳು ಬಾಯಿ ಬಿಟ್ಟು ಕ್ಷಮೆ ಕೇಳಲಿಲ್ಲ, ದಿನಾ ಬೀಸಿದಳು. ಮೂರು ವಾರದಲ್ಲಿ ಭೇದಿ ನಿಂತಿತು. ದೀಪಾವಳಿಗೆ ತೂಕ ಆರು ಕಿಲೋ ಏರಿತ್ತು. ಡಿಸೆಂಬರಿನಲ್ಲಿ ರಕ್ತ ಹನ್ನೊಂದಕ್ಕೆ ಬಂದದ್ದನ್ನು ನೋಡಿ ಡಾಕ್ಟರಮ್ಮ, ನಾನು ತಪ್ಪು ತಿಳಿದಿದ್ದೆ ಎಂದು ಶೇಖರಮ್ಮನವರಿಗೆ ನೇರವಾಗಿ ಹೇಳಿದರು. ಗ್ಯಾಸಿನ ಗುಳಿಗೆಯನ್ನು ಅಷ್ಟರಲ್ಲಿ ಹಂತಹಂತವಾಗಿ ಬಿಡಿಸಿದ್ದರು.

ಡಾಕ್ಟರಮ್ಮ ಒಪ್ಪಿಕೊಂಡ ಮೇಲೆ ನಾನೂ ಒಪ್ಪಿಕೊಳ್ಳಬೇಕಾಯಿತು. ಹುಬ್ಬಳ್ಳಿಯಿಂದ ಬಂದ ಮರುದಿನ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಗುಳಿಗೆಯೇ ರೋಗ ತಂದಿರಬಹುದು, ತಂದಿಲ್ಲದಿರಲೂಬಹುದು. ಆದರೆ ಆರು ವರ್ಷ ರೋಗವನ್ನು ಮುಚ್ಚಿಟ್ಟದ್ದು ಮಾತ್ರ ಅದೇ, ಕೊಟ್ಟವನು ನಾನೇ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ನನ್ನಂಗ ಗುಳಿಗಿ ಒಯ್ಯಾಕ ನಿನ್ನ ಅಂಗಡಿಗೆ ದಿನಾ ಎಷ್ಟು ಮಂದಿ ಬರ್ತಾರಪಾ?”

ನಾನು ಎಂದೂ ಎಣಿಸಿರಲಿಲ್ಲ. ರಾಜಾಸಾಬರಿಗೆ ಸಿಕ್ಕ ಸಮಾಧಾನದ ಮಾತು ನನಗೆ ಸಿಗಲಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಆತನಿಗೆ ತಿಳಿದಿರಲಿಲ್ಲ, ನನಗೆ ಕೇಳಬೇಕೆಂಬುದು ತಿಳಿದೂ ನಾನು ಕೇಳಿರಲಿಲ್ಲ.

ಮರುದಿನ ಎಣಿಸಿದೆ. ಮಧ್ಯಾಹ್ನದೊಳಗೆ ಹತ್ತೊಂಬತ್ತು ಮಂದಿ. ಅಂದಿನಿಂದ ಗ್ಯಾಸಿನ ಗುಳಿಗೆ ಕೇಳಿದವರಿಗೆ ನಾನು ಪ್ರಶ್ನೆ ಕೇಳತೊಡಗಿದೆ. ಎಷ್ಟು ದಿನದಿಂದ, ತೂಕ ಇಳಿದಿದೆಯೇ, ರಕ್ತ ನೋಡಿಸಿದ್ದೀರಾ, ಚೀಟಿ ಎಲ್ಲಿ? ಜನರಿಗೆ ಸಿಟ್ಟು ಬಂತು, ಬೇರೆ ಅಂಗಡಿಗೆ ಹೋದರು. ಆಗ ಶೇಖರಮ್ಮನವರು ಸಂತೆಯ ದಿನ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂರತೊಡಗಿದರು. ಚೀಟಿಯಿಲ್ಲದೆ ಮೂರನೆಯ ಪಟ್ಟಿಗೆ ಬಂದವರನ್ನು ಹೆಸರು ಹಿಡಿದು ಬೈದು ಸರ್ಕಾರಿ ದವಾಖಾನೆಗೆ ಅಟ್ಟುತ್ತಿದ್ದರು. ಮದುವೆಯಲ್ಲಿ ಅವರ ಬೈಗುಳ ತಿಂದು ಬೆಳೆದವರು ಎದುರು ಮಾತಾಡುವುದುಂಟೇ? ಹೋದವರಲ್ಲಿ ಒಬ್ಬನಿಗೆ ಜಠರದಲ್ಲಿ ಹುಣ್ಣು ಸಿಕ್ಕಿತು, ಒಬ್ಬಾಕೆಗೆ ಪಿತ್ತಕೋಶದಲ್ಲಿ ಹರಳು. ಉಳಿದವರಿಗೆ ನಿಜವಾಗಿಯೂ ಗ್ಯಾಸೇ ಇತ್ತು, ಚೀಟಿ ತಂದು ಗುಳಿಗೆ ಒಯ್ದರು. ಶೇಖರಮ್ಮನವರ ರೋಗ ಮತ್ತೊಬ್ಬರಲ್ಲಿ ಈವರೆಗೆ ಕಂಡಿಲ್ಲ.

2016ರ ಶ್ರಾವಣದಲ್ಲಿ ಮಠದಲ್ಲಿ ತಿಂಗಳ ಪುರಾಣ ಮುಗಿದು ಮಂಗಲದ ದಿನ ಬಂತು. ಮಂಗಲವೆಂದರೆ ಊರಿಗೆಲ್ಲ ಹುಗ್ಗಿಯ ಊಟ. ಹಿಂದಿನ ವರ್ಷ ಬೇರೆಯವರು ಮಾಡಿದ್ದ ಹುಗ್ಗಿಯ ಕಾಳು ಗಟ್ಟಿಯಾಗಿ ಊರೇ ನಕ್ಕಿತ್ತು. ಹಿರಿಯರು ಬಂದು ಶೇಖರಮ್ಮನವರನ್ನು ಕೇಳಿದರು. ಡಾಕ್ಟರಮ್ಮ ಫೋನಿನಲ್ಲಿ, ಮುಟ್ಟಿದರೆ ಏನೂ ಆಗುವುದಿಲ್ಲ, ಹಿಟ್ಟಿನ ಧೂಳಿನಿಂದ ದೂರವಿರಿ, ಕೈ ತೊಳೆಯದೆ ಉಣ್ಣಬೇಡಿ, ಬಾಯಿಗೆ ಮಾತ್ರ ಒಂದು ಕಾಳೂ ಹೋಗಬಾರದು ಎಂದರು. ಹುಟ್ಟು ಅಟ್ಟದಿಂದ ಇಳಿಯಿತು.

ಬಾಯಿಗೆ ಹಾಕದೆ ಬೆಂದದ್ದನ್ನು ತಿಳಿಯುವುದು ಹೇಗೆ? ತಿಂಗಳಿಂದ ಅವರು ಅದನ್ನೇ ಅಭ್ಯಾಸ ಮಾಡಿದ್ದರೆಂದು ಶಿವಲೀಲಾ ಹೇಳಿದಳು. ಮನೆಯಲ್ಲಿ ಸಣ್ಣ ಪಾತ್ರೆಯಲ್ಲಿ ಗೋಧಿ ಕುದಿಸಿ, ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಒತ್ತಿ ನೋಡಿ, ಸೊಸೆಯ ಹಲ್ಲಿನ ಮಾತಿಗೆ ಹೊಂದಿಸಿಕೊಂಡಿದ್ದರಂತೆ. ಐವತ್ತೇಳರಲ್ಲಿ ತಮ್ಮ ವಿದ್ಯೆಯನ್ನು ನಾಲಗೆಯಿಂದ ಬೆರಳಿಗೆ ಇಳಿಸಿಕೊಂಡವರು ಅವರು. ನನ್ನಂಥವನಿಗೆ ನಾಲ್ಕು ಪ್ರಶ್ನೆ ಕೇಳಲು ಕಲಿಯುವುದಕ್ಕೇ ಹದಿನೇಳು ವರ್ಷ ಬೇಕಾಯಿತು.

ಮಂಗಲದ ದಿನ ಹನ್ನೊಂದು ಗಂಟೆಗೆ ನಾನು ಮಠದ ಹಿತ್ತಲಿಗೆ ಹೋದಾಗ ಕೊಪ್ಪರಿಗೆ ಕುದಿಯುತ್ತಿತ್ತು. ಪಕ್ಕದಲ್ಲಿ ಜಜ್ಜಿದ ಬೆಲ್ಲ ಗುಡ್ಡೆ ಬಿದ್ದಿತ್ತು. ಮುಂದಿನ ಅಂಗಳದಲ್ಲಿ ಮೊದಲ ಪಂಕ್ತಿ ಆಗಲೇ ಕುಳಿತಿತ್ತು, ಹಿರಿಯರು ತಾಸಿಗೆ ನಾಲ್ಕು ಸಲ ಬಂದು ಆಯಿತೇ ಎಂದು ಕೇಳಿ ಹೋಗುತ್ತಿದ್ದರು. ಕಾಳು ಕಚ್ಚಲು ಶಿವಲೀಲಾ ಸಿದ್ಧಳಾಗಿ ನಿಂತಿದ್ದಳು. ಶೇಖರಮ್ಮನವರು ಅವಳನ್ನು ಕರೆಯಲಿಲ್ಲ, ನನ್ನನ್ನು ಕರೆದರು. ಹುಟ್ಟಿನ ತುದಿಯಲ್ಲಿ ಹಬೆಯಾಡುವ ಕಾಳುಗಳನ್ನು ನನ್ನ ಮುಂದೆ ಹಿಡಿದರು.

“ಆರು ವರ್ಷ ನಿನ್ನ ಮಾತು ನಂಬಿ ನಾ ನುಂಗೀನಿ, ಸಿದ್ದೇಶ. ಇವತ್ತ ನಿನ್ನ ಮಾತು ನಂಬಿ ಸಾವಿರ ಮಂದಿ ಉಣ್ತಾರ. ನೋಡಿ ಹೇಳು.”

ಒಂದು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿದೆ. ಮೇಲೆಲ್ಲ ಮೆತ್ತಗಿತ್ತು. ನಟ್ಟನಡುವೆ, ಸಾಸಿವೆಯಷ್ಟು, ಗಟ್ಟಿ ಉಳಿದಿತ್ತು. ಅಥವಾ ನನಗೆ ಹಾಗನ್ನಿಸಿತೇ? ಇನ್ನೊಂದು ಕಚ್ಚಿದೆ. ಇತ್ತು. ಹಿರಿಯರು ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೆಲ್ಲದ ಬುಟ್ಟಿ ಹಿಡಿದವರು ಬುಟ್ಟಿ ಎತ್ತಿಯೇ ನಿಂತಿದ್ದರು. ಆಯಿತು ಎಂದುಬಿಡುವುದು ಎಷ್ಟು ಸುಲಭವಾಗಿತ್ತೆಂದರೆ ಆ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅಂಗಡಿಯ ಕಟ್ಟೆಯ ಮೇಲೆ ಅಷ್ಟು ವರ್ಷ ನಾನು ಹೇಳಿದ್ದು ಅದೇ ಮಾತನ್ನು.

“ಇನ್ನೂ ಬೆಂದಿಲ್ರಿ, ಅಕ್ಕಾರ” ಎಂದೆ.

ಹಿರಿಯರು ಹಣೆ ಚಚ್ಚಿಕೊಂಡರು. ಶೇಖರಮ್ಮನವರು ಗಂಡನ ಕಡೆ ನೋಡಿದರು, ದೊಡ್ಡಬಸಪ್ಪ ಆಗಲೇ ಎರಡು ತುಂಡು ಕಟ್ಟಿಗೆ ಒಳಗೆ ನೂಕಿದ್ದರು. ಶೇಖರಮ್ಮನವರು ಹುಟ್ಟನ್ನು ಮತ್ತೆ ಕೊಪ್ಪರಿಗೆಗೆ ಇಳಿಸುತ್ತ, ನನ್ನೊಬ್ಬನಿಗೆ ಕೇಳುವಷ್ಟು ಸಣ್ಣಗೆ ಹೇಳಿದರು.

“ನನ್ನ ಬೆರಳಿಗೂ ಗೊತ್ತಿತ್ತು. ನೀ ಏನಂತಿ ಅಂತ ನೋಡಬೇಕಾಗಿತ್ತು.”

ಊಟ ಮುಕ್ಕಾಲು ತಾಸು ತಡವಾಯಿತು. ಉಂಡವರು ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ, ಎರಡನೆಯ ಸಲ, ಮೂರನೆಯ ಸಲ ಹಾಕಿಸಿಕೊಂಡರು. ಎಲ್ಲರ ಊಟ ಮುಗಿದ ಮೇಲೆ ಶೇಖರಮ್ಮನವರು ಕೈಯನ್ನು ಸಾಬೂನು ಹಚ್ಚಿ ಮೂರು ಸಲ ತೊಳೆದು, ಮನೆಯಿಂದ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಜೋಳದ ರೊಟ್ಟಿ ಬಿಚ್ಚಿ ನನ್ನಿಂದ ಒಂದು ಮಾರು ದೂರ ಕುಳಿತರು. ನನ್ನ ಎಲೆಯಲ್ಲಿ ಹುಗ್ಗಿ, ಮೇಲೆ ತುಪ್ಪ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ತಾವು ಮಾಡಿದ್ದರ ರುಚಿ ತಮಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ ಎಂಬುದು ಅವರ ಮುಖದಲ್ಲಿ ಒಂದು ಕ್ಷಣ ಬಂದು ಹೋಯಿತು.

“ಹೆಂಗ ಆಗೈತಿ?” ಎಂದು ಕೇಳಿದರು.

ಛಲೋ ಆಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಒಂದು ತುತ್ತು ನಿಧಾನವಾಗಿ ಅಗಿದೆ. ಕಾಳು ಎಷ್ಟು ಅರಳಿದೆ, ಬೆಲ್ಲ ಎಷ್ಟು ಹಿಡಿದಿದೆ, ಶುಂಠಿ ಎಲ್ಲಿ ಸಿಗುತ್ತದೆ, ಏಲಕ್ಕಿ ಒಂದು ಚಿಟಿಕೆ ಹೆಚ್ಚಾದದ್ದು ಎಲ್ಲಿ ತಿಳಿಯುತ್ತದೆ, ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಹೋದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು.